ಹರಕೆ ಹೊತ್ತವರು ಕಾಲನ್ನೂ ಕೇಳಬೇಕು

ಹರಿಹರದ ಪೇಟೆಬೀದಿಯಲ್ಲಿ ವಾಮದೇವಪ್ಪನ ಬಟ್ಟೆ ಅಂಗಡಿ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಗಾದಿಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ವಯಸ್ಸು ಐವತ್ತು ದಾಟಿತ್ತು. ಮನೆಯಿಂದ ಅಂಗಡಿಗೆ ಹೋಗುವುದಕ್ಕೂ ಜಟಕಾ ಬೇಕು.

ಆ ಮಳೆಗಾಲದಲ್ಲಿ ಹೆಂಡತಿ ನಿರ್ಮಲಮ್ಮನಿಗೆ ಕಾಮಾಲೆಯಾಗಿ, ಉಳಿಯುವುದೇ ಕಷ್ಟ ಎನ್ನುವ ಹಾಗಾಯಿತು. ದಾವಣಗೆರೆಯ ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ವಾಮದೇವಪ್ಪ ಕಣ್ಣು ಮುಚ್ಚಿ ಬೇಡಿಕೊಂಡ. "ಅಜ್ಜಯ್ಯಾ, ಕರಿಬಸವೇಶ್ವರಾ, ಇವಳನ್ನ ಉಳಿಸಿಕೊಡು. ಉಕ್ಕಡಗಾತ್ರಿಗೆ ನಡೆದು ಬಂದು ನಿನ್ನ ಗದ್ದುಗೆಗೆ ತಲೆ ಹಚ್ಚುತೀನಿ."

ನಿರ್ಮಲಮ್ಮ ಎದ್ದು ಓಡಾಡುವ ಹಾಗಾದಳು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹರಕೆ ತೀರಿಸುವುದೆಂದು ವಾಮದೇವಪ್ಪ ನಿಶ್ಚಯ ಮಾಡಿದ.

ದಾರಿಯೇನು ಚಿಕ್ಕದಲ್ಲ. ಹೊಳೆಸಾಲಿನ ಹಳ್ಳಿಗಳನ್ನು ಹಾದು ಹಗಲೆಲ್ಲ ನಡೆಯಬೇಕು. ಹುಡುಗನಾಗಿದ್ದಾಗ ಅಪ್ಪನ ಹಿಂದೆ ಕುಣಿಯುತ್ತ ನಡೆದದ್ದು ನೆನಪಿತ್ತು. ನೆನಪು ಹುಡುಗನದು, ಕಾಲು ಮಾತ್ರ ಈಗಿನದು ಎನ್ನುವುದು ತಲೆಗೆ ಹೋಗಲಿಲ್ಲ. ಅಭ್ಯಾಸ ಆಗಲಿ ಎಂದು ಒಂದು ನಸುಕಿನಲ್ಲಿ ಬರಿಗಾಲಲ್ಲಿ ಹೊರಟವನು ಮೊದಲ ದಿನವೇ ದಾವಣಗೆರೆ ಮುಟ್ಟಿಬಿಟ್ಟ. ಬಸ್ಸಿನಲ್ಲಿ ವಾಪಸ್ ಬಂದು ಇಳಿಯುವಾಗ ಬಲ ಮೊಣಕಾಲು ಚಳಕ್ ಎಂದಿತು. ಯಾರಿಗೂ ಹೇಳಲಿಲ್ಲ. ಮರುದಿನವೂ ಹೊರಟ. ನೋವು ಹೆಚ್ಚಿದಷ್ಟೂ, ಇದು ಅಜ್ಜಯ್ಯನ ಪರೀಕ್ಷೆ, ತಡೆದುಕೊಂಡಷ್ಟೂ ಪುಣ್ಯ ಎಂದುಕೊಂಡ. ಮೊಣಕಾಲಿಗೆ ವಿಭೂತಿ ಹಚ್ಚಿ ಪಂಚೆ ಇಳಿಬಿಟ್ಟರೆ ಕಾಣುವುದಾದರೂ ಯಾರಿಗೆ?

ಒಂದು ಬೆಳಗ್ಗೆ ಏಳಲಿಕ್ಕೇ ಆಗಲಿಲ್ಲ. ಮೊಣಕಾಲು ಬೇಲದ ಹಣ್ಣಿನ ಹಾಗೆ ಬಾತಿತ್ತು. ನಿರ್ಮಲಮ್ಮ ಗಾಬರಿಯಾಗಿ ಎಣ್ಣೆ ಕಾಯಿಸಿ ತರುವ ಹೊತ್ತಿಗೆ ಪಕ್ಕದ ಮನೆಯ ಮುನಾಫ್ ಸಾಹೇಬರು ಒಳಗೆ ಬಂದರು. ಅವರು ಹೈಸ್ಕೂಲಿನ ಡ್ರಿಲ್ ಮಾಸ್ತರು.

"ಏನ್ ಸಾವ್ಕಾರ್ರೆ, ಅಂಗಡಿ ಬಾಗ್ಲು ತೆಗ್ದಿಲ್ಲ?"

"ಏನಿಲ್ರಿ ಮಾಸ್ತರೆ, ಕಾಲು ಸ್ವಲ್ಪ ಬಾತೈತೆ. ಬಿಸಿ ಎಣ್ಣಿ ಹಾಕಿ ತಿಕ್ಕಿದ್ರೆ ಹೋಗ್ತೈತೆ."

"ತಿಕ್ಕಬ್ಯಾಡ್ರಿ ಅಕ್ಕಾರೆ," ಎಂದು ಮಾಸ್ತರು ನಿರ್ಮಲಮ್ಮನನ್ನು ತಡೆದರು. "ಹೊಸಾ ಬಾವು, ತಿಕ್ಕಿದ್ರೆ ಒಳಗಿನ ಪೆಟ್ಟು ಹೆಚ್ಚಾಗ್ತೈತೆ. ಕಾಲು ದಿಂಬಿನ ಮ್ಯಾಲೆ ಎತ್ತಿಡ್ರಿ. ಗಡಿಗೆ ನೀರಾಗ ಬಟ್ಟೆ ಅದ್ದಿ ಹಾಕ್ತಾ ಇರ್ರಿ. ನಾನು ಜಟಕಾ ತರ್ತೀನಿ, ಡಾಕ್ಟ್ರಿಗೆ ತೋರ್ಸೋಣ."

"ಡಾಕ್ಟ್ರು ನಡೀಬ್ಯಾಡ ಅಂತಾರ. ಎಳ್ಳಮಾಸಿ ಹತ್ರ ಬಂತಲ್ರಿ."

"ಸಾವ್ಕಾರ್ರೆ, ನಮ್ಮ ಸಾಲಿ ಹುಡುಗ್ರನ್ನೇ ಮೊದಲ್ನೇ ದಿನ ಮೈದಾನ ಸುತ್ಸಲ್ಲ ನಾನು. ಮೊದ್ಲು ಕೈಕಾಲು ಸಡಿಲ ಮಾಡಿಸ್ತೀನಿ, ಆಮೇಲೆ ನಡಿಗಿ, ಆಮೇಲೆ ಓಟ. ನೀವು ಹುಟ್ಟಾ ಗಾದಿ ಬಿಟ್ಟು ಇಳ್ದೋರಲ್ಲ, ಒಮ್ಮೆಲೇ ದಾವಣಗೆರಿಗೆ ಹೋದ್ರೆ ಮೊಣಕಾಲು ಸುಮ್ನಿರ್ತೈತಾ?"

"ಅದು ಆಟ, ಇದು ದೇವ್ರ ಕೆಲ್ಸ. ನೋವಾಯ್ತಂತ ನಿಂತ್ರೆ ಹರಕೆ ತಪ್ಪಿದಂಗೆ."

ಮಾಸ್ತರು ಹಾಸಿಗೆಯ ಪಕ್ಕ ಕೂತರು. "ನಮ್ಮಲ್ಲಿ ರೋಜಾ ಉಪವಾಸ ಎಷ್ಟು ದೊಡ್ಡ ಕಟ್ಟಳೆ, ನಿಮಗೆ ಗೊತ್ತೈತಲ್ಲ. ಆದ್ರೂ ಕಾಯಿಲೆ ಬಿದ್ದೋರು ಬಿಟ್ಟು, ಗುಣ ಆದ ಮ್ಯಾಲೆ ಹಿಡೀರಿ ಅಂತ ಅಪ್ಪಣೆ ಐತೆ. ನಿಮ್ಮ ಅಜ್ಜಯ್ಯ ಅದಕ್ಕಿಂತ ಕಠಿಣ ಅಂತೀರಾ?"

ನಿರ್ಮಲಮ್ಮ ಎಣ್ಣೆಯ ಬಟ್ಟಲು ಕೆಳಗಿಟ್ಟು ಗಂಡನ ಹತ್ತಿರ ಬಂದಳು.

"ನಾನೊಂದು ಕೇಳ್ತೀನಿ. ನನ್ನ ಉಳಿಸು ಅಂತ ಬೇಡ್ಕೊಂಡ್ರಲ್ಲ, ಬದಲಿಗೆ ಕಾಲು ಕೊಡ್ತೀನಿ ಅಂದಿದ್ರಾ?"

"ಇಲ್ಲ. ನಡೆದು ಬರ್ತೀನಿ ಅಂದಿದ್ದೆ."

"ಎಳ್ಳಮಾಸಿಗೇ ಅಂದಿದ್ರಾ? ಬರಿಗಾಲಲ್ಲೇ ಅಂದಿದ್ರಾ?"

ಆ ಕಲ್ಲುಬೆಂಚಿನ ಮೇಲೆ ಆಡಿದ ಮಾತನ್ನು ವಾಮದೇವಪ್ಪ ಮನಸ್ಸಿನಲ್ಲಿ ಮತ್ತೆ ಆಡಿ ನೋಡಿದ. "ಇಲ್ಲ. ಅದೆಲ್ಲ ನಾನೇ ಸೇರಿಸ್ಕೊಂಡಿದ್ದು."

"ಮತ್ತೆ? ಈ ಕಾಲು ಹೋದ್ರೆ ಯಾವ ಕಾಲಲ್ಲಿ ನಡೀತೀರಿ? ದೇವ್ರು ನನ್ನ ಉಳ್ಸಿದ್ದು ನಿಮ್ಮನ್ನ ಹೊತ್ತು ತಿರುಗಾಕಾ?"

ಮಾಸ್ತರು ನಕ್ಕರು. ವಾಮದೇವಪ್ಪನೂ ನೋವಿನಲ್ಲೇ ನಕ್ಕು, "ಜಟಕಾ ಕರೀರಿ" ಎಂದ.

ಮೂಳೆಗೇನೂ ಆಗಿಲ್ಲ, ಕೀಲು ದಣಿದು ಬಾತಿದೆ, ಹೀಗೇ ನಡೆದಿದ್ದರೆ ಕೋಲು ಹಿಡಿಯಬೇಕಾಗುತ್ತಿತ್ತು ಎಂದರು ಡಾಕ್ಟರು. ಎಳ್ಳಮಾಸಿ ಬಂದು ಹೋಯಿತು. ಆ ಸಂಜೆ ವಾಮದೇವಪ್ಪ ದೇವರ ಮುಂದೆ ಕೈಮುಗಿದು ಸ್ವಲ್ಪ ಅವಕಾಶ ಬೇಡಿಕೊಂಡ.

ಬಾವು ಪೂರಾ ಇಳಿದು ಡಾಕ್ಟರು ಒಪ್ಪಿದ ಮೇಲೆ ಮಾಸ್ತರೇ ಹೇಳಿಕೊಟ್ಟರು. ಹೊರಡುವ ಮುಂಚೆ ಕೈಕಾಲಿನ ಕೀಲುಗಳನ್ನು ನಿಧಾನವಾಗಿ ಆಡಿಸುವುದು. ಮೊದಲು ಹೊಳೆದಂಡೆಯವರೆಗೆ ಮಾತ್ರ ನಡಿಗೆ. ಅದು ಹಗುರವೆನಿಸಿದ ಮೇಲೆ ಇನ್ನೊಂದಿಷ್ಟು ದೂರ. ನಡುನಡುವೆ ಒಂದು ದಿನ ಬಿಡುವು. ಕಾಲಿಗೆ ಸರಿಯಾಗಿ ಕೂರುವ ಮೆತ್ತನೆಯ ಬೂಟು. ಪಂಚೆಯ ಕೆಳಗೆ ಕ್ಯಾನ್ವಾಸ್ ಬೂಟು ಕಂಡು ಪೇಟೆಯವರು, "ಸಾವ್ಕಾರ್ರು ಪೊಲೀಸ್ ಕೆಲ್ಸಕ್ಕೆ ಸೇರ್ಯಾರೇನು?" ಎಂದು ಚುಡಾಯಿಸಿದರು. ನಗಲಿ ಎಂದು ವಾಮದೇವಪ್ಪ ನಡೆದ. ನಿರ್ಮಲಮ್ಮನೂ ಜೊತೆಯಾದಳು. ಜಟಕಾ ತಾನಾಗಿಯೇ ತಪ್ಪಿತು.

ಬೇಸಿಗೆಯ ಬಿಸಿಲು ಬಲಿಯುವ ಮುಂಚೆ ಒಂದು ಸೋಮವಾರ, ಸೂರ್ಯ ಹುಟ್ಟುವ ಮೊದಲೇ ಗಂಡಹೆಂಡತಿ ಹೊರಟರು. ಪಕ್ಕದಂಗಡಿಯ ಸೂರಪ್ಪನೂ ಬಂದ. ಬಾಯಾರುವ ಮುಂಚೆಯೇ ನೀರು ಕುಡಿದರು, ನಡುಹಗಲು ಹುಣಸೆಮರದ ನೆರಳಿನಲ್ಲಿ ಕೂತರು. ಸಂಜೆಯ ಹೊತ್ತಿಗೆ ಮೊಣಕಾಲಿನಲ್ಲಿ ಸಣ್ಣಗೆ ಹಿಡಿದಂತಾಯಿತು. ಹಿಂದಿನ ವಾಮದೇವಪ್ಪನಾಗಿದ್ದರೆ ಹಲ್ಲು ಕಚ್ಚಿ ನಡೆಯುತ್ತಿದ್ದ. ಈಗ ದಾರಿಬದಿಯ ಕಲ್ಲಿನ ಮೇಲೆ ಕೂತ.

"ನಿರ್ಮಲಾ, ಕಾಲು ನೋಯಾಕತ್ತೈತೆ. ಇವತ್ತಿಗೆ ಸಾಕು."

"ಇನ್ನೇನು ಬಂತಲ್ರಿ, ಏಳ್ರಿ," ಎಂದ ಸೂರಪ್ಪ. "ಅಜ್ಜಯ್ಯ ಕರೀತಾನೆ."

"ಅಜ್ಜಯ್ಯ ಎಲ್ಲಿಗೂ ಹೋಗಲ್ಲಪ್ಪಾ. ನೀ ಮುಂದ ನಡಿ."

ಸೂರಪ್ಪ ಮುಂದೆ ಹೋದ; ಗಂಡಹೆಂಡತಿ ರಾತ್ರಿ ಅಲ್ಲಿನ ಹಳ್ಳಿಯ ಮಠದಲ್ಲಿ ಮಲಗಿದರು. ಬೆಳಗ್ಗೆ ಕಾಲು ಹಗುರಾಗಿತ್ತು. ನಿಧಾನವಾಗಿ ನಡೆದು ಉಕ್ಕಡಗಾತ್ರಿ ಮುಟ್ಟಿದರು. ಹೊಳೆಯಲ್ಲಿ ಮಿಂದು ಗದ್ದುಗೆಯ ಮುಂದೆ ವಾಮದೇವಪ್ಪ ಎರಡೂ ಮೊಣಕಾಲೂರಿ ತಲೆ ಹಚ್ಚಿದ. ನೋಯಲಿಲ್ಲ. ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತ.

ತಾಯಂದಿರೇ, ಅಣ್ಣಂದಿರೇ, ನೀವೂ ನಡೆಯಿರಿ, ಆಟವಾಡಿರಿ, ಮೈ ದಂಡಿಸಿರಿ. ಆದರೆ ಬಹಳ ದಿನ ಕೂತ ಮೈಯನ್ನು ಒಂದೇ ದಿನದಲ್ಲಿ ದುಡಿಸಬೇಡಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ನೋವನ್ನು ಮುಚ್ಚಿಡಬೇಡಿ. ಬಾತರೆ, ಕಾಲೂರಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ನಡೆಯುವಾಗ ಎದೆ ಹಿಡಿದರಂತೂ ಅಲ್ಲೇ ಕೂತು, ತಡಮಾಡದೆ ಆಸ್ಪತ್ರೆ ಸೇರಿ. ನಾಳೆ ಬೆಳಗ್ಗೆ ಮನೆಯಿಂದ ಹೊರಡುವ ಮುಂಚೆ ಒಂದು ಗಳಿಗೆ ನಿಂತು, ಇವತ್ತು ಎಷ್ಟು ದೂರ ಆದೀತು ಎಂದು ನಿಮ್ಮ ಕಾಲನ್ನು ಕೇಳಿ. ಅದು ಸುಳ್ಳು ಹೇಳುವುದಿಲ್ಲ.