ಹದಿನೆಂಟು ತುಂಬಿದ ಶನಿವಾರ

ನನಗೆ ನಲವತ್ತೊಂದು ವರ್ಷ. ಎತ್ತರ ನಾಲ್ಕು ಅಡಿ ಎರಡು ಇಂಚು, ಮುಖ ದುಂಡಗೆ, ದನಿ ಸಣ್ಣದು. 'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರು ಮಾತ್ರ ಹೊಗಳಿದೆವು ಎಂದುಕೊಂಡಿರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಕೇಳದೆಯೇ ಅರ್ಧ ಟಿಕೆಟ್ ಹರಿಯುತ್ತಾನೆ. ಅದನ್ನು ಹಿಂದಕ್ಕೆ ಕೊಟ್ಟು ಪೂರ್ತಿ ಟಿಕೆಟ್ ತೆಗೆದುಕೊಳ್ಳದೆ ನಾನು ಕೂತ ದಿನವಿಲ್ಲ. ಆ ಜಗಳ ನೋಡಿ ನೋಡಿ ನಮ್ಮ ಮಾರ್ಗದ ಕಂಡಕ್ಟರುಗಳು ನನಗೆ 'ಫುಲ್ ಟಿಕೆಟ್' ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿಗೆ ನನ್ನ ತಕರಾರಿಲ್ಲ.

ಕೆಲಸ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ. ದಂತವೈದ್ಯರಿಂದ ರೋಗಿಗಳ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಡಬ್ಬಿಯಲ್ಲಿ ಬರುತ್ತವೆ. ಅವುಗಳ ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುವುದು ನನ್ನ ಪಾಲು. ಹದಿನೇಳು ವರ್ಷವಾಯಿತು. ಅಚ್ಚು ಕೈಗೆ ಬಂದರೆ ಸಾಕು, ಉಳಿದ ಹಲ್ಲು ಎಷ್ಟು ಸವೆದಿದೆ, ವಸಡು ಎಷ್ಟು ಇಳಿದಿದೆ ಎಂದು ಹೆಬ್ಬೆರಳಲ್ಲಿ ಸವರಿ ವಯಸ್ಸು ಹೇಳುತ್ತೇನೆ. ಎರಡು ಮೂರು ವರ್ಷ ಆಚೀಚೆ ಆಗಬಹುದು, ಅಷ್ಟೇ. ಬರೀ ಮುಖ ನೋಡಿ ವಯಸ್ಸು ಹೇಳುವವರನ್ನು ಕಂಡರೆ ಮೊದಲಿಂದಲೂ ನನಗೆ ನಗು.

ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ನನ್ನ ಕೆಲಸ ಬೇರೆ. ಹನ್ನೆರಡು ವರ್ಷದಿಂದ ಕಂಪ್ಯೂಟರಿನಲ್ಲಿ ಒಂದು ಹಡಗಿನ ಆಟ ಆಡುತ್ತಿದ್ದೇನೆ. ಮಂಜುಗಡ್ಡೆಯ ಸಮುದ್ರ, ಕಡಲ್ಗಳ್ಳರು, ಕೊಲೆ, ರಕ್ತ, ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ಹದಿನೆಂಟು ದಾಟಿದವರಿಗೆ ಮಾತ್ರ ಎಂದು ಅದರ ಮೇಲೆ ಬರೆದಿದೆ. ಆಟ ಮಾರುವ ಅಂಗಡಿ ಇರುವುದು ಇಂಟರ್ನೆಟ್ಟಿನಲ್ಲಿ. ಆಟವೂ, ಅದರೊಳಗೆ ನಾನು ಹಲಗೆ ಹಲಗೆ ಜೋಡಿಸಿ ಕಟ್ಟಿದ ಹಡಗೂ ಆ ಅಂಗಡಿಯ ನನ್ನ ಖಾತೆಯಲ್ಲೇ ಇವೆ. ಹಡಗಿನಲ್ಲಿ ನಾಲ್ಕು ಜನ, ನಾಲ್ಕು ದೇಶದವರು: ಹೋಟೆಲಿನ ಅಡುಗೆಯವನು, ಒಬ್ಬಳು ನರ್ಸ್, ನಿವೃತ್ತರಾದ ಒಬ್ಬ ಮೇಷ್ಟ್ರು, ಮತ್ತು ನಾನು. ನಾನೇ ಕ್ಯಾಪ್ಟನ್. ಅವರು ನನ್ನನ್ನು ಕಂಡಿಲ್ಲ, ನನ್ನ ದನಿ ಕೇಳಿಲ್ಲ. ಮಾತೆಲ್ಲ ಟೈಪು ಮಾಡಿಯೇ. ಲಂಗರು ಎತ್ತಿ ಎಂದರೆ ಎತ್ತುತ್ತಾರೆ. ವಾರದ ಆರು ದಿನ ನಾನು ಹೇಳಿದ್ದನ್ನು ಎರಡೆರಡು ಸಲ ಹೇಳಬೇಕು. ಭಾನುವಾರ ಒಂದು ಸಲ ಸಾಕು.

ಈ ವರ್ಷ ವಯಸ್ಸು ಸಾಬೀತು ಮಾಡಬೇಕೆಂಬ ಕಾನೂನು ಬಂತು. ಮಕ್ಕಳ ಕೈಗೆ ಸಿಗಬಾರದ್ದು ಸಿಗದಿರಲಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ದೇಶಕ್ಕೊಂದು ರೀತಿ. ಅಡುಗೆಯವನ ದೇಶದಲ್ಲಿ 'ನನಗೆ ಹದಿನೆಂಟು ದಾಟಿದೆ' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ನರ್ಸ್ ಇರುವಲ್ಲಿ ಬ್ಯಾಂಕ್ ಕಾರ್ಡಿನ ನಂಬರು ಕೊಡಬೇಕು. ಮೇಷ್ಟ್ರ ದೇಶದಲ್ಲಿ ಫೋನು ಯಾರ ಹೆಸರಲ್ಲಿದೆ ಎಂದು ನೋಡುತ್ತಾರಂತೆ. ನಮ್ಮಲ್ಲಿ ಕ್ಯಾಮೆರಾಗೆ ಮುಖ ತೋರಿಸಬೇಕು. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಕನ್ನಡಕ ತೆಗೆದೆ. ಅಂದಾಜು ವಯಸ್ಸು ಹನ್ನೆರಡು ಎಂದು ಬಂತು.

ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಹದಿನೈದು. ತಮಾಷೆಗೆಂದು ತಾನೂ ಮುಖ ತೋರಿಸಿದಳು. ಯಂತ್ರ ಅವಳಿಗೆ ಇಪ್ಪತ್ತೆರಡು ಎಂದಿತು. ಅತ್ತೆ, ನನ್ನ ಮುಖದಲ್ಲೇ ನಿನ್ನ ಖಾತೆ ತೆರೆಸಿಕೊಡುತ್ತೇನೆ ಎಂದಳು. ತಲೆ ಮೇಲೆ ತಲೆ ಬಿದ್ದರೂ ಬೇಡ ಎಂದೆ. ನನ್ನ ಹಡಗಿಗೆ ನಾನು ಇನ್ನೊಬ್ಬರ ಮುಖ ಹೊತ್ತು ಹೋಗುವುದೇ?

ಮುಖ ಒಪ್ಪಿಗೆಯಾಗದಿದ್ದರೆ ಗುರುತಿನ ಚೀಟಿ ಕಳಿಸಿ ಎಂದಿತ್ತು. ಕಳಿಸಿದೆ. ಮರುದಿನ ಉತ್ತರ ಬಂತು: ಚೀಟಿ ಅಸಲಿಯೇ, ಆದರೆ ಮನೆಯ ಹಿರಿಯರೊಬ್ಬರ ಚೀಟಿಯನ್ನು ಮಗುವೊಂದು ಅನುಮತಿಯಿಲ್ಲದೆ ಬಳಸಿದಂತಿದೆ. ಖಾತೆಗೆ ಬೀಗ ಹಾಕಲಾಗಿದೆ. ಏಳು ದಿನದೊಳಗೆ ಪೋಷಕರು ಒಪ್ಪಿಗೆ ಕೊಡದಿದ್ದರೆ ಖಾತೆಯನ್ನು ಅಳಿಸಿಹಾಕಲಾಗುವುದು. ನನ್ನ ಚೀಟಿಯನ್ನು ನಾನೇ ಕದ್ದಿದ್ದೆ.

ಐದು ದಿನ ಪತ್ರ ಬರೆದೆ. ಯಂತ್ರವೇ ಓದಿತು, ಯಂತ್ರವೇ ಉತ್ತರ ಬರೆಯಿತು. ಶುಕ್ರವಾರ ಲ್ಯಾಬಿನಲ್ಲಿ ಊಟದ ಹೊತ್ತಿಗೆ ಅಂಗಡಿಯ ಫೋನ್ ನಂಬರಿನಲ್ಲಿ ಕಡೆಗೂ ಮನುಷ್ಯರ ದನಿ ಸಿಕ್ಕಿತು. ನಾನು ಬಾಯಿ ತೆರೆದದ್ದೇ ತಡ, ಆ ಹೆಂಗಸು ಕರಗಿಹೋದಳು.

"ಪುಟ್ಟಾ, ಮನೇಲಿ ದೊಡ್ಡವರು ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡಮ್ಮ."

"ದೊಡ್ಡವಳೇ ಮಾತಾಡ್ತಾ ಇರೋದು. ನೀವು ಹೇಳಿ."

ಅವಳು ಪಾಪ ಒಳ್ಳೆಯವಳೇ. ಹತ್ತು ನಿಮಿಷ ಕೇಳಿದ ಮೇಲೆ ನಂಬಿದಳು ಕೂಡ. ಆದರೆ ನಂಬಿ ಏನು ಪ್ರಯೋಜನ, ತನ್ನ ಪರದೆಯಲ್ಲಿ ಇರುವುದೇ ಎರಡು ಗುಂಡಿ ಎಂದಳು: ಅಳಿಸು, ಇಲ್ಲವೇ ಪೋಷಕರಿಗೆ ಕಳಿಸು. ಪೋಷಕರು ಎಂದರೆ ಯಾರು ಎಂದು ಕೇಳಿದೆ. ಹದಿನೆಂಟು ದಾಟಿದ ಯಾರಾದರೂ ಆಗಬಹುದು, ಅವರು ಮುಖ ತೋರಿಸಬೇಕಿಲ್ಲ, ಚೀಟಿಯ ನಂಬರು ಹಾಕಿದರೆ ಸಾಕು ಎಂದಳು. ಅಮ್ಮನ ಹತ್ತಿರ ಒಂದು ಗುಂಡಿ ಒತ್ತಿಸಿಬಿಡಿ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದು ಬುದ್ಧಿ ಹೇಳಿದಳು. ನಾನು ಫೋನಿಟ್ಟು ಮೇಣ ಕರಗಿಸುವ ದೀಪ ಹಚ್ಚಿದೆ. ಆ ಮಧ್ಯಾಹ್ನ ನಿಲ್ಲಿಸಿದ ಆರು ಹಲ್ಲೂ ಸೊಟ್ಟಗಾದವು. ಎಲ್ಲ ಕಿತ್ತು ಮತ್ತೆ ನಿಲ್ಲಿಸಿದೆ.

ಸಂಜೆ, ಬೀಗದ ಸುದ್ದಿ ತಿಳಿದ ಅಡುಗೆಯವನು ಇ-ಮೇಲ್ ಕಳಿಸಿದ್ದ. ನನ್ನ ದೇಶದಲ್ಲಿದ್ದೀರಿ ಎಂದು ಹಾಕಿ ಹೊಸ ಖಾತೆ ತೆರೆಯಿರಿ ಕ್ಯಾಪ್ಟನ್, ಒಂದು ಟಿಕ್ಕಿನಲ್ಲಿ ಮುಗಿಯುತ್ತದೆ, ಹಡಗನ್ನು ಮೊದಲಿನಿಂದ ಕಟ್ಟೋಣ ಎಂದು. ಅವನ ಒಳ್ಳೆಯ ಮನಸ್ಸಿಗೆ ಕಣ್ಣು ತುಂಬಿ ಬಂತು. ಆದರೂ ಆಗುವುದಿಲ್ಲ ಎಂದು ಬರೆದೆ. ಇರುವ ಊರಿನಲ್ಲೇ ನಾನು ದೊಡ್ಡವಳು ಎನ್ನಲಾಗದಿದ್ದರೆ, ಇಲ್ಲದ ಊರಿನಲ್ಲಿ ಹಾಗೆನ್ನಿಸಿಕೊಂಡು ಏನು ಮಾಡಲಿ?

ಉಳಿದಿದ್ದು ಅಮ್ಮ. ಅವಳ ಹತ್ತಿರ ಹೋಗುವುದು ನನಗೆ ಯಾಕೆ ಕಷ್ಟ ಎಂದು ಹೇಳಬೇಕು. ನನಗೆ ಇಪ್ಪತ್ತಾಗುವವರೆಗೂ ಅರ್ಧ ಟಿಕೆಟ್ ಕೇಳಿ ತೆಗೆದುಕೊಂಡವಳು ಅವಳೇ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಲ್ಯಾಬಿನ ಯಜಮಾನರ ಎದುರಿನಲ್ಲೂ ನನ್ನ ಬದಲು ಅವಳೇ ಮಾತಾಡುತ್ತಿದ್ದಳು. ನನ್ನ ಮೊದಲ ಸಂಬಳದ ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದಳು, ನಾನು ಕಿತ್ತುಕೊಂಡೆ. 'ಮಗು' ಎನ್ನಬೇಡ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಈಗ ಅವಳ ಮುಂದೆ ನಿಂತು, ನಾನು ಮಗು, ಆಟಕ್ಕೆ ಅಪ್ಪಣೆ ಕೊಡು ಎನ್ನಬೇಕು.

ಶನಿವಾರ ಮಧ್ಯಾಹ್ನ ಹೋದೆ. ಏಳನೆಯ ದಿನ, ಗಡುವು ಆರು ಗಂಟೆಗೆ. ಅಮ್ಮ ಕಿಟಕಿಯ ಹತ್ತಿರ ಕೂತು ದಿಂಬಿನ ಚೀಲದ ಗುಂಡಿ ಹೊಲಿಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅಂಗಡಿ, ಮುಖ, ಚೀಟಿ, ಹಡಗು. ಫೋನನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಕನ್ನಡಕ ಏರಿಸಿ 'ನನ್ನ ಮಗುವಿಗೆ ಒಪ್ಪಿಗೆ ಕೊಡುತ್ತೇನೆ' ಎಂಬುದನ್ನು ಎರಡು ಸಲ ಓದಿದಳು.

"ನಾನು ಒತ್ತಲ್ಲ," ಎಂದಳು.

ನನಗೆ ರೇಗಿತು. ಜೀವನವಿಡೀ ಬೇಡ ಬೇಡವೆಂದರೂ ಒತ್ತಿದವಳು, ಬೇಕು ಎಂದ ದಿನ ಒತ್ತುವುದಿಲ್ಲವೇ? ಹನ್ನೆರಡು ವರ್ಷದ ಹಡಗು ಇನ್ನು ಮೂರು ತಾಸಿನಲ್ಲಿ ಮುಳುಗುತ್ತದೆ ಎಂದು ಕೂಗಾಡಿದೆ. ಅವಳು ದಾರ ಕಚ್ಚಿ ತುಂಡು ಮಾಡಿ, ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು.

"ನಿನ್ನ ಬದ್ಲು ನಾನು ಮಾತಾಡಿದ್ದು ಸಾಕು ಕಣೇ. ನಿಂಗೆ ಹದಿನೆಂಟು ತುಂಬಿದ ದಿನಾನೇ ಬಿಡ್ಬೇಕಿತ್ತು. ಜನ ನಿನ್ನ ನೋಡಿ ನಗ್ತಾರೆ ಅಂತ ಹೆದ್ರಿಕೆ, ಅದಕ್ಕೇ ಮುಂದೆ ಮುಂದೆ ಹೋಗ್ತಿದ್ದೆ. ಹೆದ್ರಿಕೆ ನಂದು, ಅನುಭವಿಸಿದ್ದು ನೀನು. ಈಗ ಇನ್ನೊಂದ್ಸಲ ಒತ್ತು ಅಂತೀಯಲ್ಲ? ನಿನ್ನ ತಲೆಕೂದ್ಲು ನೋಡ್ಕೋ, ಕಿವಿ ಹಿಂದೆ ಬೆಳ್ಳಗಾಗ್ತಿದೆ. ನಿಂಗೆ ಯಜಮಾನಿ ನೀನೇ."

ನಾನು ಕುರ್ಚಿಯಲ್ಲಿ ಕೂತೆ. ಈ ಮಾತಿಗೆ ಇಪ್ಪತ್ತಮೂರು ವರ್ಷ ಕಾದಿದ್ದೆ. ಬಂದಾಗ ಅತ್ತುಬಿಟ್ಟೆ. ಆಮೇಲೆ ಮೂಗೊರೆಸಿಕೊಂಡು ಫೋನು ಎತ್ತಿಕೊಂಡಾಗ ಅವಳ ಕೊನೆಯ ಮಾತು ತಲೆಯಲ್ಲೇ ನಿಂತಿತ್ತು. ಪೋಷಕರು ಹದಿನೆಂಟು ದಾಟಿದ ಯಾರಾದರೂ ಆಗಬಹುದು ಎಂದಿದ್ದಳು ಫೋನಿನ ಹೆಂಗಸು. ಮುಖ ಬೇಡ, ಚೀಟಿ ಸಾಕು. ಚೀಟಿ ಅಸಲಿ, ಅದು ಹಿರಿಯರೊಬ್ಬರದು ಎಂದು ಅಂಗಡಿಯೇ ನನಗೆ ಬರೆದು ಕೊಟ್ಟಿದೆ.

ಪೋಷಕರ ಹೆಸರು ಎಂಬಲ್ಲಿ ನನ್ನ ಹೆಸರು ಹಾಕಿದೆ. ನನ್ನ ಚೀಟಿಯ ನಂಬರು ಹಾಕಿದೆ. ಮಗುವಿಗೂ ನಿಮಗೂ ಏನು ಸಂಬಂಧ ಎಂದು ಕೇಳಿತು. ಪಟ್ಟಿಯಲ್ಲಿ ತಾಯಿ, ತಂದೆ, ಇತರೆ ಎಂದಿತ್ತು. ಇತರೆ ಎಂದೆ. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು. ಒಂದು ವಾರ ನನ್ನನ್ನು ಕಳ್ಳಿ ಎಂದ ಯಂತ್ರ, ಅದೇ ಚೀಟಿ ಹಿಡಿದು ಬಂದ ನನಗೆ 'ಜವಾಬ್ದಾರಿಯುತ ಪೋಷಕರೇ, ವಂದನೆಗಳು' ಎಂದಿತು.

ಪೋಷಕರ ಪುಟ ತೆರೆಯಿತು. ಮಗು ದಿನಕ್ಕೆ ಎಷ್ಟು ಹೊತ್ತು ಆಡಬೇಕು, ಎಷ್ಟು ಗಂಟೆಗೆ ಮಲಗಬೇಕು, ಯಾರೊಡನೆ ಮಾತಾಡಬಹುದು. ಅಷ್ಟಕ್ಕೇ ತೃಪ್ತಿಪಟ್ಟು ಲಂಗರು ಎತ್ತಬಹುದಿತ್ತು. ಆದರೆ ನಾನು ಅರ್ಧ ಟಿಕೆಟ್ಟಿನಲ್ಲಿ ಕೂತವಳಲ್ಲ. ಪುಟದ ತಳದವರೆಗೆ ಹೋದೆ. ಅಲ್ಲಿ ಸಣ್ಣ ಅಕ್ಷರದಲ್ಲಿ, 'ನಿಮ್ಮ ಮಗುವಿಗೆ ಹದಿನೆಂಟು ತುಂಬಿದೆಯೇ? ಹಾಗಿದ್ದಲ್ಲಿ ಇಲ್ಲಿ ಒತ್ತಿ. ಪೋಷಕರ ಹೇಳಿಕೆಯೇ ಅಂತಿಮ' ಎಂದಿತ್ತು.

ಅದನ್ನು ಒತ್ತಲು ಬೆರಳು ಎತ್ತಿದವಳು ನಿಲ್ಲಿಸಿ, ಎದ್ದು ಹೋಗಿ ಫೋನನ್ನು ಅಮ್ಮನ ಮುಂದೆ ಹಿಡಿದೆ. ಅವಳು ಓದಿದಳು. ಒಂದು ಸಲವೇ ಸಾಕಾಯಿತು. ಹೊಲಿಗೆಯ ಕೈಯನ್ನು ಸೀರೆಗೆ ಒರೆಸಿಕೊಂಡು, ನನ್ನ ಮುಖ ನೋಡಿದಳು.

"ಒತ್ತಲಾ?"

ಹುಟ್ಟಿದಾಗಿನಿಂದ ಅಮ್ಮ ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು. ಒತ್ತು ಎಂದೆ. ಅವಳು ಹೆಬ್ಬೆರಳನ್ನು ಗಟ್ಟಿಯಾಗಿ ಊರಿ, ಪರದೆ ಬದಲಾದ ಮೇಲೂ ತೆಗೆಯದೆ ಹಾಗೇ ಇಟ್ಟುಕೊಂಡಿದ್ದಳು.