ಹದಿನಾಲ್ಕನೇ ಪ್ಯಾರಾ

ಹಿಂದಿನ ಕಾರಿನವನು ಮೂರನೇ ಸಲ ಹಾರ್ನ್ ಒತ್ತಿದ. ಅವಳು ಕದಲಲಿಲ್ಲ.

ಎದುರಿನ ದೊಡ್ಡ ರಸ್ತೆಯಲ್ಲಿ ಹೂವು ಹೊದಿಸಿದ ಕಪ್ಪು ವ್ಯಾನು ಕಾಲ್ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಅದರ ಹಿಂದೆ, ಹಾಡಹಗಲಲ್ಲಿ ದೀಪ ಹಾಕಿಕೊಂಡ ಕಾರುಗಳ ಸಾಲು. ನಡುವೆ ಒಂದು ಕಾರು ನುಗ್ಗಿಸುವಷ್ಟು ಜಾಗ ಆಗಾಗ ಸಿಗುತ್ತಿತ್ತು. ಹಿಂದಿನವನ ಸಂಕಟ ಅದೇ ಇರಬೇಕು.

ಹತ್ತೂ ಮುಕ್ಕಾಲು. ಹನ್ನೊಂದಕ್ಕೆ ಸಭೆ. ಸಾರಿಗೆ ಕಚೇರಿ ಇಲ್ಲಿಂದ ಎರಡೇ ತಿರುವು.

ಪಕ್ಕದ ಸೀಟಿನ ಮೇಲೆ ಫೈಲು ಮಲಗಿತ್ತು. ಹೊಸದಾಗಿ ಲೈಸೆನ್ಸ್ ಪಡೆಯುವವರು ಓದಬೇಕಾದ ಕೈಪಿಡಿ. ಎರಡು ವರ್ಷದಿಂದ ಅವಳು ಅದನ್ನು ಬರೆಯುತ್ತಿದ್ದಳು. ತೊಂಬತ್ತು ಪ್ಯಾರಾಗಳು. ಎಂಬತ್ತೊಂಬತ್ತರ ಬಗ್ಗೆ ಯಾರದೂ ತಕರಾರಿರಲಿಲ್ಲ. ಹದಿನಾಲ್ಕನೆಯದರ ಹಣೆಬರಹ ಇವತ್ತು ತೀರ್ಮಾನವಾಗಬೇಕಿತ್ತು: 'ಶವಯಾತ್ರೆ ಎದುರಾದಾಗ ಇತರ ಚಾಲಕರ ನಡತೆ'.

ಪ್ಯಾರಾ ಅವಳಿಗೆ ಬಾಯಿಪಾಠ. ಸಾಲನ್ನು ಒಂದೇ ವಾಹನವೆಂದು ಭಾವಿಸಿ. ನಡುವೆ ನುಗ್ಗಬೇಡಿ, ಹಿಂದಿಕ್ಕಬೇಡಿ, ಹಾರ್ನ್ ಮಾಡಬೇಡಿ. ಸಾಲಿನ ಮೊದಲ ವಾಹನ ಹಸಿರಿನಲ್ಲಿ ದಾಟಿದ್ದರೆ, ಆಮೇಲೆ ಅವರಿಗೆ ದೀಪ ಕೆಂಪಾಗಿ ನಿಮಗೆ ಹಸಿರಾದರೂ, ಕೊನೆಯ ವಾಹನ ದಾಟುವವರೆಗೆ ಕಾಯಿರಿ.

"ಒಂದು ಪುಟ ಬೇಕಾ ಮೇಡಂ ಇದಕ್ಕೆ?" ಎಂದು ಹೋದ ಸಭೆಯಲ್ಲಿ ಸಹಾಯಕ ಕೇಳಿದ್ದ. ಯಾರ ವಾಕ್ಯವನ್ನೂ ಇಡಿಯಾಗಿ ಬಿಡದ ಅವನಿಗೆ ಕಚೇರಿಯಲ್ಲಿ ಕತ್ತರಿ ಎಂದೇ ಹೆಸರು. "ಒಳಗೆ ಮಲಗಿರೋರಿಗೇ ಅವಸರ ಇಲ್ಲ. ನೀವ್ಯಾಕೆ ಒದ್ದಾಡ್ತೀರಿ?"

ಎಲ್ಲರೂ ನಕ್ಕಿದ್ದರು. ಒಂದು ಕ್ಷಣ ತಡವಾಗಿ ಅವಳೂ ನಕ್ಕಿದ್ದಳು.

ಸಾಲಿನ ಪಕ್ಕದಲ್ಲಿ ಓಡಾಡುತ್ತಿದ್ದ ಬೈಕಿನವನು ಅವಳ ಕಾರನ್ನು ನೋಡಿ ಗಕ್ಕನೆ ನಿಂತ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ. ಸಾಲಿನಲ್ಲಿ ಹಿಂದೆ ಬರುತ್ತಿದ್ದ ಕಾರುಗಳನ್ನು ಒಂದು ಕೈಯಲ್ಲಿ ತಡೆದು, ಇನ್ನೊಂದರಲ್ಲಿ ಅವಳನ್ನು ಕರೆದ.

"ಬನ್ನಿ ಅಕ್ಕಾ, ಬನ್ನಿ! ಇಲ್ಲಿ ಯಾಕೆ ನಿಂತ್ರಿ?"

ಅವಳಿಗೆ ಆಗ ಹೊಳೆಯಿತು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಹಾಕಿದ ದೀಪ ಆರಿಸಿರಲಿಲ್ಲ. ಗಾಜು ಇಳಿಸಿದಳು. "ಇಲ್ಲ, ನಾನು..."

"ಗೊತ್ತು, ಗೊತ್ತು. ಬೇಗ ಸೇರ್ಕೊಳ್ಳಿ. ಹಿಂದೆ ಉಳಿದ್ರೆ ದಾರಿ ತಪ್ತೀರಿ."

ಸಂಚಾರ ನಿಯಂತ್ರಿಸುವವರ ಕೈಸನ್ನೆಯನ್ನು ಪಾಲಿಸತಕ್ಕದ್ದು. ಪ್ಯಾರಾ ಮೂರು. ಅವಳು ಬ್ರೇಕಿನ ಮೇಲಿನ ಕಾಲು ಸಡಿಲಿಸಿದಳು. ಕಾರು ತಾನಾಗಿಯೇ ಹೋಗಿ ಸಾಲಿನಲ್ಲಿ ಕೂತಿತು.

ಹಿಂದೆ ಉಳಿದರೆ ದಾರಿ ತಪ್ಪುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಅಮ್ಮನ ವ್ಯಾನಿನ ಹಿಂದೆ ಅವಳದು ಐದನೇ ಕಾರು. ಅಣ್ಣ ವ್ಯಾನಿನಲ್ಲೇ ಇದ್ದ. ನಾಲ್ಕನೆಯ ಕಾರು ದಾಟಿತು, ದೀಪ ಹಳದಿಯಾಯಿತು, ಅವಳು ನಿಂತಳು. ಹಸಿರು ಬರುವಷ್ಟರಲ್ಲಿ ನಡುವೆ ಒಂದು ಹಾಲಿನ ಲಾರಿ, ಎರಡು ಬಸ್ಸು, ಒಂದು ಶಾಲೆಯ ವ್ಯಾನು. ಊರ ಹೊರಗಿನ ಎರಡು ಸ್ಮಶಾನಗಳಲ್ಲಿ ಮೊದಲು ತಪ್ಪಾದದ್ದಕ್ಕೆ ಹೋದಳು. ಸರಿಯಾದದ್ದನ್ನು ತಲುಪಿದಾಗ ಕೆಲಸದವರು ಸಲಿಕೆ ತೊಳೆಯುತ್ತಿದ್ದರು.

"ಅಮ್ಮನ ಹಿಂದೆ ಬರೋವಾಗ್ಲೂ ಸಿಗ್ನಲ್ ನೋಡಿದ್ಯಾ?" ಅಣ್ಣ ಅಷ್ಟೇ ಕೇಳಿದ. ಆಮೇಲೆ ಫೋನು ಮಾಡಿದಾಗಲೆಲ್ಲ ಸೆಕೆಯ ಬಗ್ಗೆ ಮಾತಾಡುತ್ತಾನೆ.

ಇತರ ಚಾಲಕರಿಗೆ ತಿಳಿವಳಿಕೆ ಇರಲಿಲ್ಲ, ನಿಯಮ ಇರಲಿಲ್ಲ ಎಂದು ಅವಳು ಅಣ್ಣನಿಗೆ ಹೇಳಬಹುದಿತ್ತು. ಹೇಳುವ ಬದಲು ನಿಯಮ ಬರೆಯಲು ಕೂತಳು. ದೀಪ ಕೆಂಪಾದ ಆ ಗಳಿಗೆಯಲ್ಲಿ ಹೆಗಲ ಭಾರ ಇಳಿದು ಮೈ ಹಗುರಾದದ್ದನ್ನು ಯಾರಿಗೂ ಹೇಳಲಿಲ್ಲ. ಅದಕ್ಕೆ ಯಾವ ಪ್ಯಾರಾವೂ ಇರಲಿಲ್ಲ.

ಕಚೇರಿಯ ತಿರುವು ಬಂತು. ಎಡಗಡೆಯ ಇಂಡಿಕೇಟರ್ ಹಾಕಿದಳು. ಕಾಲುದಾರಿಯಲ್ಲಿದ್ದ ಒಬ್ಬ ಮುದುಕ ಟೋಪಿ ತೆಗೆದು ಎದೆಗೊತ್ತಿಕೊಂಡು, ನೇರ ಅವಳನ್ನೇ ನೋಡಿದ. ಅವನ ಮುಖದಲ್ಲಿ ಅಷ್ಟೊಂದು ಮರುಕವಿತ್ತು. ಅವಳು ಇಂಡಿಕೇಟರ್ ಆರಿಸಿದಳು.

ಮುಂದಿನ ತಿರುವಿನಲ್ಲಿ ತಿರುಗಬಹುದು ಎಂದುಕೊಂಡಳು. ಮುಂದಿನ ತಿರುವೂ ಹೋಯಿತು.

ಫೋನು ಗುರುಗುಟ್ಟಿತು. ಕತ್ತರಿ. ಪ್ಯಾರಾ ಇಪ್ಪತ್ತೆರಡು: ಚಾಲನೆಯಲ್ಲಿರುವಾಗ ಫೋನ್ ಬಳಸಬಾರದು. ನಿಂತಿತು, ಮತ್ತೆ ಗುರುಗುಟ್ಟಿತು, ಫೈಲಿನ ಮೇಲೆ ಅಡ್ಡಡ್ಡ ಸರಿದು ಸೀಟಿನ ಸಂದಿಗೆ ಬಿತ್ತು.

ಸ್ಮಶಾನದಲ್ಲಿ ಅವಳು ಗೇಟಿನ ಬಳಿಯೇ ನಿಂತಳು. ಊರುಗೋಲಿನ ಒಬ್ಬ ಅಜ್ಜಿ ಹತ್ತಿರ ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು.

"ಯಾರ ಕಡೆಯವರಮ್ಮ?"

"ಕಚೇರಿಯಿಂದ."

"ಅವನು ಕಚೇರಿ ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲ."

ಅವಳು ಕಾರಿನ ಕೀಲಿಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡಳು.

"ಇರಲಿ ಬಿಡು. ನೆನಪಿಟ್ಕೊಂಡು ಒಬ್ಬಳಾದ್ರೂ ಬಂದ್ಯಲ್ಲ," ಎಂದಳು ಅಜ್ಜಿ. "ಅವನ ಸ್ವಂತ ಮಗಳೇ ಬರಲಿಲ್ಲ. ಏನೋ ಕೆಲಸವಂತೆ. ಏನು ಮಾಡೋಕಾಗುತ್ತೆ, ಒಬ್ಬೊಬ್ಬರ ಕರುಳು ಒಂದೊಂದು ಥರ." ಆಮೇಲೆ ಅವಳ ಮುಖ ನೋಡಿ ಗಾಬರಿಯಾದಳು. "ಅಯ್ಯೋ, ನೀನ್ಯಾಕಮ್ಮ ಅಳ್ತೀಯ?"

"ಇಲ್ಲ. ಧೂಳು."

ಮಣ್ಣು ಬೀಳುವ ಸದ್ದು ಮೊದಲು ಟೊಳ್ಳಾಗಿ, ಆಮೇಲೆ ಮೆತ್ತಗೆ ಕೇಳಿಸಿತು. ಆ ಸದ್ದು ಹೇಗಿರುತ್ತದೆಂದು ಅವಳಿಗೆ ಇವತ್ತೇ ಗೊತ್ತಾಗಿದ್ದು.

ಕಾರಿಗೆ ಮರಳಿ, ಫೋನು ಹುಡುಕಿ, ಕತ್ತರಿಗೆ ಕರೆ ಮಾಡಿದಳು.

"ಎಲ್ಲಿದ್ದೀರಿ ಮೇಡಂ? ನಿಮಗೋಸ್ಕರ ಅರ್ಧ ಗಂಟೆ ಕಾದ್ವಿ."

"ದಾರಿಯಲ್ಲಿ ಒಂದು ಶವಯಾತ್ರೆ ಸಿಕ್ತು."

ಅತ್ತ ಕಡೆ ತಡೆದುಕೊಂಡ ನಗು. "ತಮಾಷೆ ಮಾಡ್ತಿಲ್ಲ ತಾನೇ?"

"ಪ್ಯಾರಾ ಏನಾಯ್ತು?"

"ಒಂದು ಸಾಲು ಉಳೀತು. ನಾನೇ ಗಲಾಟೆ ಮಾಡಿ ಉಳಿಸಿದ್ದು, ನಂಬಿ. 'ಮೆರವಣಿಗೆ, ಓಟದ ಸ್ಪರ್ಧೆ, ಶವಯಾತ್ರೆ ಮುಂತಾದ ಸಂದರ್ಭಗಳಲ್ಲಿ ಸಹಕರಿಸಿ.'"

"ಮುಂತಾದ," ಎಂದಳು.

"ಹೂಂ ಮೇಡಂ. ಅದ್ರಲ್ಲಿ ಎಲ್ಲಾ ಬಂತಲ್ಲ."

"ಬಂತು," ಎಂದು ಫೋನಿಟ್ಟಳು.

ಯಾರೋ ಗಾಜು ತಟ್ಟಿದರು. ಬೈಕಿನವನು. "ಅಕ್ಕಾ, ಊರಿನ ಕಡೆ ತಾನೇ? ಇವರೆಲ್ಲ ಹೊರಗಿನೋರು, ದಾರಿ ಗೊತ್ತಿಲ್ಲ. ನಿಮ್ಮ ಹಿಂದೆನೇ ಬರ್ತಾರೆ. ಸ್ವಲ್ಪ ನಿಧಾನ ಹೋಗಿ."

ಅವಳು ತಲೆಯಾಡಿಸಿದಳು. ನಿಧಾನವಾಗಿಯೇ ಹೋದಳು. ಕನ್ನಡಿಯಲ್ಲಿ ಏಳೆಂಟು ಕಾರುಗಳು, ಒಂದಕ್ಕೂ ದೀಪ ಆರಿಸುವ ನೆನಪಾಗಿರಲಿಲ್ಲ, ನಡುವೆ ಸಮನಾದ ಅಂತರ ಬಿಟ್ಟು ಬರುತ್ತಿದ್ದವು. ಅವಳು ಬರೆದದ್ದನ್ನು ಓದಿಕೊಂಡು ಬಂದವರ ಹಾಗೆ.

ಊರ ಅಂಚಿನ ವೃತ್ತದಲ್ಲಿ ದೀಪ ಕೆಂಪಾಯಿತು. ಅವಳು ನಿಂತಳು. ಹಿಂದೆ ಒಂದೊಂದಾಗಿ ಎಲ್ಲವೂ ನಿಂತವು.

ಅಡ್ಡರಸ್ತೆಗೆ ಹಸಿರು ಬಂತು. ಅಲ್ಲಿಂದ ಯಾರೂ ಬರಲಿಲ್ಲ. ಆ ರಸ್ತೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಲಾರಿಯ ಚಾಲಕ ದೀಪಗಳ ಸಾಲನ್ನು ನೋಡಿ ಎಂಜಿನ್ ಆರಿಸಿದ. ಅವನ ಪಕ್ಕದ ಬಸ್ಸೂ ಕದಲಲಿಲ್ಲ. ಅದರ ಹಿಂದಿನ ಯಾವನೂ ಹಾರ್ನ್ ಮಾಡಲಿಲ್ಲ. ಎರಡು ವರ್ಷ ಒಬ್ಬಳೇ ಕೂತು ಅಕ್ಷರಕ್ಕಕ್ಷರ ಬಯಸಿದ್ದು, ಯಾರೂ ಓದದೆಯೇ, ಕಣ್ಣೆದುರು ನಡೆಯುತ್ತಿತ್ತು.

ಲಾರಿಯವನು ಕೈ ಹೊರಗೆ ಚಾಚಿ ಸನ್ನೆ ಮಾಡಿದ. ಹೋಗಿ, ಹೋಗಿ.

ಅವಳು ಮುಂದೆ ನೋಡಿದಳು. ವ್ಯಾನು ಇರಲಿಲ್ಲ. ಅವಳ ಮುಂದೆ ಯಾರೂ ಇರಲಿಲ್ಲ. ಸಾಲು ಅವಳಿಂದಲೇ ಶುರುವಾಗುತ್ತಿತ್ತು.

ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಅವಳ ಕಡೆ ನೋಡಿ ಕಣ್ಣು ಮುಚ್ಚಿಕೊಂಡಳು. ಲಾರಿಯವನ ಕೈ ಇನ್ನೂ ಗಾಳಿಯಲ್ಲಿತ್ತು. ಬ್ರೇಕಿನ ಮೇಲಿದ್ದ ತನ್ನ ಕಾಲು, ಅಮ್ಮನ ಆ ದಿನದ ಹಾಗೆಯೇ, ಎಷ್ಟು ಹಗುರಾಗಿದೆ ಎಂದು ಅವಳಿಗೆ ಅನಿಸಿತು. ವೃತ್ತದ ನಾಲ್ಕೂ ಕಡೆ ಎಲ್ಲರೂ ಅವಳು ದಾಟಿಹೋಗಲೆಂದು ಮರ್ಯಾದೆಯಿಂದ ಕಾಯುತ್ತಿದ್ದರು. ದೀಪ ಕೆಂಪಾಗಿಯೇ ಇತ್ತು.