ಗಂಡನ ಕೈತುತ್ತು

ನನ್ನ ಹಲ್ಲು ಮುರಿದ ಕೈಗೆ ನಾನೇ ನೀರು ಹಾಕಬೇಕಾಯಿತು. ಊಟಕ್ಕೆ ಬಂದವರಿಗೆ ಮನೆಮಗಳು ಹೂಜಿ ಹಿಡಿದು ಕೈ ತೊಳೆಸಬೇಕು, ಅದು ನಮ್ಮ ಗೊಂಡರ್ ಊರಿನ ಪದ್ಧತಿ. ಪದ್ಧತಿ ಎಂದಮೇಲೆ ನನ್ನ ಅಮ್ಮ ಅಸ್ನಾಕೆಚ್ ಜೀವ ಹೋದರೂ ಬಿಡುವವಳಲ್ಲ. ಮೊದಲು ಪಾದ್ರಿಗಳಿಗೆ ಹಾಕಿದೆ, ಆಮೇಲೆ ಕೇರಿಯ ಹಿರಿಯರಾದ, ಎಲ್ಲರೂ ಗೌರವದಿಂದ ಗಾಶೆ ಎಂದು ಕರೆಯುವ ಟೆಸೆಮ್ಮಾ ಅವರಿಗೆ, ಕೊನೆಗೆ ನನ್ನ ಗಂಡ ದೆಮಿಸೆವ್‌ಗೆ. ಅವನು ಮದುಮಗನ ಹಾಗೆ ಒಂದೊಂದೇ ಬೆರಳು ಉಜ್ಜಿಕೊಂಡ.

"ನೀರು ತಣ್ಣಗಿದೆ," ಅಂದ.

"ಕಾಯಿಸ್ಲಾ? ಕುದಿಯೋ ಹಾಗೆ?"

ಅಮ್ಮ ಅಡುಗೆಮನೆಯ ಬಾಗಿಲಿಂದಲೇ ಕಣ್ಣು ಕೆಂಪಗೆ ಮಾಡಿದಳು. ನಾನು ಹೂಜಿ ಇಟ್ಟು ಒಳಗೆ ಹೋದೆ.

ನಡೆದದ್ದು ಇಷ್ಟೇ. ಈಸ್ಟರ್ ಕಳೆದ ವಾರ ಅವನ ಗೆಳೆಯರು ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬ ಏನೋ ತಮಾಷೆ ಹೇಳಿದ, ನಾನು ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕುಬಿಟ್ಟೆ. ಗೆಳೆಯರು ಹೋದಮೇಲೆ ದೆಮಿಸೆವ್ ಬಾಗಿಲು ಹಾಕಿ, ಹೆಂಗಸು ಹೇಗೆ ಉಣ್ಣಬೇಕೆಂದು ನನಗೆ ಮುಷ್ಟಿಯಿಂದ ಕಲಿಸಿದ. ಮೇಲಿನ ಎರಡು ಹಲ್ಲು ಹೋದವು. ರಕ್ತ ಒರೆಸಿಕೊಂಡು ತವರಿಗೆ ಬಂದರೆ ಅಮ್ಮ ಕೇಳಿದ ಮೊದಲ ಮಾತು, "ಬಾಯಲ್ಲಿ ಅನ್ನ ಇಟ್ಕೊಂಡು ನಕ್ಕೆಯಾ?"

ಈಗ ಹಿರಿಯರು ರಾಜಿ ಮಾಡಿಸಲು ಬಂದಿದ್ದರು. ರಾಜಿ ಎಂದರೆ ನಮ್ಮಲ್ಲಿ ಕಾಗದ ಪತ್ರ ಏನೂ ಇಲ್ಲ. ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ಉಣ್ಣಬೇಕು, ಗಂಡ ತನ್ನ ಕೈಯಾರೆ ತುತ್ತು ಕಟ್ಟಿ ಹೆಂಡತಿಯ ಬಾಯಿಗಿಡಬೇಕು. ಆ ತುತ್ತಿಗೆ ಗುರ್ಶಾ ಎನ್ನುತ್ತೇವೆ. ಅದನ್ನು ನುಂಗಿದಳೋ, ಜಗಳ ಮುಗಿಯಿತು. ಅವತ್ತೇ ಗಂಟು ಕಟ್ಟಿಕೊಂಡು ಅವನ ಹಿಂದೆ ನಡೆಯಬೇಕು. ನಾಳೆ ಮತ್ತೆ ಹೊಡೆದರೆ ಯಾವ ಹಿರಿಯರೂ ಕಿವಿಗೊಡುವುದಿಲ್ಲ. ಹಾಗೆಂದು ಚಾಚಿದ ಕೈಯನ್ನು ಬೇಡವೆಂದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹಿರಿಯರು ಎದ್ದು ಹೋಗುತ್ತಾರೆ, ಆ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ.

ಅಮ್ಮ ಕೋಳಿ ಸಾರಿನ ಮಡಕೆ ಇಳಿಸುತ್ತಿದ್ದಳು.

"ನಾನು ಹೋಗಲ್ಲ," ಅಂದೆ.

"ಹೋಗು ಅಂತ ಯಾರಂದ್ರು? ಬಾಯಿ ತೆಗಿ ಅಂದೆ, ಅಷ್ಟೆ."

"ಎರಡೂ ಒಂದೇ ಅಲ್ವಾ?"

"ನಿಮ್ಮಪ್ಪ ಕೊಟ್ಟ ತುತ್ತನ್ನೆಲ್ಲ ನಾನೇನು ಖುಷಿಯಿಂದ ತಿಂದ್ನಾ? ನುಂಗಿದೆ. ಭಾನುವಾರ ಚರ್ಚಲ್ಲಿ ತಲೆ ಎತ್ತಿ ನಿಂತ್ಕೊಂಡೆ. ನಡಿ, ಸೆರಗು ಸರಿ ಮಾಡ್ಕೊ."

ನಮಗೆ ಊಟದ ಮೇಜೇ ಆದ, ಹುಲ್ಲಿನಲ್ಲಿ ಹೆಣೆದ ಎತ್ತರದ ಮೆಸೋಬ್ ಬುಟ್ಟಿಯ ಸುತ್ತ ಎಲ್ಲರೂ ಕೂತೆವು. ಅದರ ಮೇಲೆ ಹಾಸಿದ ಅಗಲವಾದ ಇಂಜೆರಾ ರೊಟ್ಟಿಯ ನಡುವೆ ಅಮ್ಮ ಸಾರು ಸುರಿದಳು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಮೊದಲ ತುಂಡು ಹರಿದರು. ತಟ್ಟೆ ಒಂದೇ ಆದರೂ ಅವರವರ ಮುಂದಿನದನ್ನೇ ಅವರವರು ತಿನ್ನಬೇಕು, ಎದುರಿನವರ ಕಡೆ ಕೈ ಹಾಕಬಾರದು. ದೆಮಿಸೆವ್ ತನ್ನ ಪಾಲು ಬಿಟ್ಟು ನನ್ನ ಮುಂದಿನದನ್ನೇ ಹರಿದು ಹರಿದು ತಿಂದ. ನಾನು ಮುಟ್ಟಲೂ ಇಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ನಾನು ಮೊಣಕೈ ಊರಿ ಕೂತದ್ದನ್ನು ಮಾತ್ರ ಗಾಶೆ ಟೆಸೆಮ್ಮಾ ಗಮನಿಸಿದರು.

"ನೆಟ್ಟಗೆ ಕೂತ್ಕೋ ಯೆಶಿ. ಮುಖ ಯಾಕೆ ಹಾಗೆ ಊದಿಸ್ಕೊಂಡಿದ್ದೀಯಾ? ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ."

"ಹಲ್ಲು ಹೋದದ್ದೂ ಉಂಡ ಮೇಲೇನೇ, ಗಾಶೆ."

ಪಾದ್ರಿಗಳಿಗೆ ಕೆಮ್ಮು ಬಂತು. ದೆಮಿಸೆವ್ ನಕ್ಕ. "ನೋಡಿದ್ರಾ? ನಾಲಿಗೆಗೇನೂ ಆಗಿಲ್ಲ. ಎಲ್ಲ ಸರಿಯಾಗಿದೆ," ಅಂದ.

ಅವನು ಇಂಜೆರಾ ಹರಿದ, ಅದರಲ್ಲಿ ಕೋಳಿಯ ಮಾಂಸ, ಅರ್ಧ ಮೊಟ್ಟೆ ಸುತ್ತಿದ, ಮತ್ತೊಮ್ಮೆ ಸಾರಲ್ಲಿ ಅದ್ದಿದ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು ಎನ್ನುತ್ತಾರೆ. ಅವನ ಪ್ರೀತಿ ಮುಷ್ಟಿಗಾತ್ರ ಇತ್ತು. ಅದನ್ನು ನನ್ನ ಬಾಯಿಯ ಹತ್ತಿರ ತಂದು ನಿಲ್ಲಿಸಿದ. ನಾನು ತುಟಿ ಬಿಗಿದೆ. ಕೆಂಪು ಎಣ್ಣೆ ಅವನ ಮಣಿಕಟ್ಟಿನ ಮೇಲೆ ಇಳಿಯತೊಡಗಿತು.

"ತುತ್ತು ಹಿಡಿದ ಕೈನ ಕಾಯಿಸಬಾರ್ದು ಮಗಳೇ," ಅಂದರು ಗಾಶೆ.

"ಹಸಿವಿಲ್ಲ."

"ಗುರ್ಶಾನ ಯಾರಾದ್ರೂ ಹಸಿವಿಗೆ ತಗೋತಾರಾ? ಮರ್ಯಾದೆಗೆ ತಗೋ."

"ಯಾರ ಮರ್ಯಾದೆಗೆ?"

"ಯೆಶೀ!" ಬಾಗಿಲಲ್ಲಿ ನಿಂತಿದ್ದ ಅಮ್ಮ ಗದರಿದಳು. "ಬಾಯಿ ತೆಗಿಯೇ, ಮಾನಗೆಟ್ಟವಳೇ!"

ದೆಮಿಸೆವ್ ಇನ್ನೂ ನಗುತ್ತಲೇ ಇದ್ದ. ನಗುತ್ತಲೇ ಎಡಗೈಯನ್ನು ಸಾರಲ್ಲಿ ಊರಿ ಮುಂದೆ ಬಾಗಿ, ಅದೇ ಕೈಯಿಂದ ನನ್ನ ದವಡೆ ಹಿಡಿದು ಹಿಸುಕಿದ. ಬಾಯಿ ತಾನಾಗಿ ತೆರೆಯಿತು. ತುತ್ತನ್ನು ಒಳಗೆ ತುರುಕಿದ. ಹಲ್ಲು ಹೋದ ಜಾಗದ ಹಸಿ ಗಾಯಕ್ಕೆ ಖಾರ ತಾಗಿ ಕಣ್ಣು ಕತ್ತಲೆ ಬಂತು, ಸಾರು ಮೂಗಿಗೆ ಏರಿತು. ನಾನು ಎಲ್ಲವನ್ನೂ ಅಂಗೈಗೆ ಉಗುಳಿದೆ.

"ಅಯ್ಯೋ, ಅನ್ನ ಉಗುಳಿದ್ಲು!" ಎಂದು ಗಾಶೆ ಹಣೆ ಚಚ್ಚಿಕೊಂಡರು. ಪಾದ್ರಿಗಳು ಶಿಲುಬೆ ಮುಟ್ಟಿಕೊಂಡರು. ನಮ್ಮಲ್ಲಿ ಮೊಲೆ ಬಿಟ್ಟ ಕೂಸು ಎಡಗೈಯನ್ನು ತಟ್ಟೆಗೆ ತಂದರೂ ಬೆರಳಿಗೆ ಪೆಟ್ಟು ಬೀಳುತ್ತದೆ. ಇಷ್ಟು ದೊಡ್ಡ ಗಂಡಸು ಮೊರದಗಲದ ಆ ಕೈಯನ್ನು ಎಲ್ಲರೂ ಉಣ್ಣುವ ಸಾರಲ್ಲಿ ಊರಿದ್ದ. ಇಬ್ಬರು ಹಿರಿಯರ ನಾಲ್ಕು ಕಣ್ಣಿಗೆ ಅದು ಬೀಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಎದ್ದು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ. ಮೇಲಿನ ಹಲಗೆಯಿಂದ ಪಿಂಗಾಣಿ ತಟ್ಟೆ, ಮುಳ್ಳುಚಮಚ ಇಳಿಸಿದೆ. ಅಪ್ಪ ಬದುಕಿದ್ದಾಗ ನಮ್ಮೂರ ಕೋಟೆ ನೋಡಲು ಬರುವ ಬಿಳಿಯರನ್ನು ಒಮ್ಮೊಮ್ಮೆ ಊಟಕ್ಕೆ ಕರೆದು ತರುತ್ತಿದ್ದ. ಅವರಿಗೆಂದು ತಂದಿಟ್ಟ ಸಾಮಾನು ಅದು. ಕೈಯಲ್ಲಿ ಉಣ್ಣುವವರು ನಮ್ಮವರು, ಅವರು ನಮ್ಮದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಬೇರೆ ತಟ್ಟೆಯವರು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಮನೆಯ ಮಗನಿಗೋ ಅಳಿಯನಿಗೋ ಅದನ್ನು ಯಾರೂ ಕೊಟ್ಟದ್ದಿಲ್ಲ.

ತಟ್ಟೆಯಲ್ಲಿ ಒಂದು ಇಂಜೆರಾ ಮಡಿಸಿಟ್ಟು, ತಂದು ದೆಮಿಸೆವ್‌ನ ಮುಂದೆ ಇಟ್ಟೆ.

"ನೀವು ಇದ್ರಲ್ಲಿ ಊಟ ಮಾಡಿ," ಅಂದೆ.

ಅವನ ನಗು ಆಗ ನಿಂತಿತು. ಗಾಶೆ ಟೆಸೆಮ್ಮಾ ಗಡ್ಡ ನಡುಗಿಸುತ್ತಾ, "ಏನಿದು? ಕೈ ಹಿಡಿದ ಗಂಡನ್ನ ಹೊರಗಿನವನು ಮಾಡ್ತಿದ್ದೀಯಾ?" ಅಂದರು.

"ಅನ್ನ ಇಲ್ಲ ಅಂದ್ನಾ ಗಾಶೆ? ಬಡಿಸಿದ್ದೀನಲ್ಲ."

"ಅತ್ತೇ," ದೆಮಿಸೆವ್ ಹಲ್ಲು ಕಚ್ಚಿಕೊಂಡು ಹೇಳಿದ, "ನಿಮ್ಮ ಮಗಳಿಗೆ ಬುದ್ಧಿ ಹೇಳ್ತೀರೋ, ನಾನು ಹೇಳ್ಲೋ?"

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅವಳು ಸಾರಿನ ಮಡಕೆ ಎತ್ತಿಕೊಂಡು ಹತ್ತಿರ ಬಂದಳು. ಕೆನ್ನೆಗೆ ಬಾರಿಸುತ್ತಾಳೆ ಎಂದು ನಾನು ಸಿದ್ಧಳಾಗಿಯೇ ನಿಂತೆ. ಅವಳು ನನ್ನ ದವಡೆಯ ಮೇಲೆ ಮೂಡಿದ್ದ ಬೆರಳ ಗುರುತು ನೋಡಿದಳು. ಆಮೇಲೆ ಅಳಿಯನ ಎಡಗೈ ನೋಡಿದಳು; ಅದು ಉಗುರಿನವರೆಗೂ ಕೆಂಪಾಗಿತ್ತು. ಬಗ್ಗಿ, ಪಿಂಗಾಣಿ ತಟ್ಟೆಗೆ ಒಂದು ಸೌಟು ಸಾರು ಹಾಕಿದಳು, ಒಂದು ಇಡೀ ಮೊಟ್ಟೆ ಇಟ್ಟಳು. ಮುಳ್ಳುಚಮಚವನ್ನು ಎತ್ತಿ ತಟ್ಟೆಯ ಎಡಕ್ಕೆ ಸರಿಸಿಟ್ಟಳು.

"ಎಡಗೈಲೇ ಹಿಡ್ಕೊಳ್ಳಿ," ಅಂದಳು. "ಹೊರಗಿನವ್ರು ಹಾಗೇ ತಿನ್ನೋದು. ನಾವು ಬೇಜಾರು ಮಾಡ್ಕೊಳ್ಳಲ್ಲ."

ದೆಮಿಸೆವ್ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿ ಎದ್ದ. ಗಾಶೆ ಟೆಸೆಮ್ಮಾ ಕೋಲು ಹುಡುಕಿಕೊಂಡು, ಈ ಮನೆಗೆ ಇನ್ನು ಕಾಲಿಡುವುದಿಲ್ಲವೆಂದು ಕೂಗುತ್ತಾ ಅವನ ಹಿಂದೆ ಹೋದರು. ಪಾದ್ರಿಗಳು ಬಾಗಿಲು ನೋಡಿದರು, ಮಡಕೆ ನೋಡಿದರು, ಅಲ್ಲೇ ಕೂತರು.

ಅಮ್ಮ ಚೂರುಗಳನ್ನು ಕಾಲಿನಿಂದ ಬದಿಗೆ ತಳ್ಳಿದಳು. ಅವನು ಕೈ ಊರಿದ್ದ ಇಂಜೆರಾವನ್ನು ಸುತ್ತಿ ನಾಯಿಗೆ ಎಸೆದಳು, ಹೊಸದು ಹಾಸಿದಳು. ಬರುವ ಭಾನುವಾರ ಚರ್ಚಿನಲ್ಲಿ ಅವಳ ಪಕ್ಕ ಯಾರೂ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಏನ್ ಕಂಬದ ಹಾಗೆ ನಿಂತಿದ್ದೀಯಾ?" ಎಂದು ನನ್ನ ಮೇಲೆ ಹರಿಹಾಯ್ದಳು. "ಕೂತ್ಕೊ. ಆರಿಹೋಗತ್ತೆ."